ಮುಂದಿನ ಸಾಲಿನ ನಗು

ಕಳೆದ ಭಾನುವಾರ ಸಿರುಗುಪ್ಪದಿಂದ ಕುರುಗೋಡಿಗೆ ಹೊರಟಿದ್ದೆ. ಬಸ್ಸು ತೆಕ್ಕಲಕೋಟೆ ದಾಟುತ್ತಿದ್ದಂತೆ ಪಕ್ಕದಲ್ಲಿದ್ದ ಹೆಂಗಸು ಚೀಲದಿಂದ ನೋವಿನ ಮುಲಾಮಿನ ಡಬ್ಬಿ ತೆಗೆದು ಮೊಣಕಾಲಿಗೆ ತಿಕ್ಕಿಕೊಳ್ಳತೊಡಗಿದಳು. ಕರ್ಪೂರ, ನೀಲಗಿರಿ ಎಣ್ಣೆ ಬೆರೆತ ಆ ಘಾಟು... ನಾನು ಕಿಟಕಿ ಸರಿಸಿ ಮುಖ ಹೊರಗೆ ಮಾಡಿದೆ. "ಯಾಕ್ರಿ ಮೇಡಂ, ವಾಸ್ನಿ ಆಗಂಗಿಲ್ಲೇನು?" ಎಂದಳು. "ಇಲ್ರಿ, ತಲಿ ನೋಯಾಕತ್ತೈತಿ" ಎಂದು ಸುಳ್ಳು ಹೇಳಿದೆ. ಪಾಪ, ತಲೆನೋವಿಗೂ ಅದೇ ಮದ್ದಲ್ಲವೇ? ಡಬ್ಬಿಯನ್ನು ನನ್ನ ಮೂಗಿನ ಮುಂದೆಯೇ ಹಿಡಿದಳು.

ಆರು ವರ್ಷದ ಹಿಂದೆ ಇದೇ ವಾಸನೆಯ ಪಕ್ಕದಲ್ಲಿ ನಾನು ಸುಮಾರು ಎರಡು ತಾಸು ಕೂತಿದ್ದೆ. ಬಳ್ಳಾರಿಯ ಒಂದು ಸಭಾಂಗಣದಲ್ಲಿ, ರೇಡಿಯೋ ಹಾಸ್ಯ ಕಾರ್ಯಕ್ರಮವೊಂದರ ರೆಕಾರ್ಡಿಂಗ್ ನೋಡಲು ಹೋದಾಗ. ಪಕ್ಕದಲ್ಲಿ ಕೂತಿದ್ದವನು ನಮ್ಮ ಓಣಿಯ ಮಾಮ. ಅವನು ಅಲ್ಲಿಂದ ಜೀವಂತ ಮನೆಗೆ ಬರಲಿಲ್ಲ. ಈಗ ಕುರುಗೋಡಿನಲ್ಲಿ ಮಗಳ ಮನೆಯಲ್ಲಿರುವ ಅವನ ಹೆಂಡತಿ, ನಾನು ಅತ್ತೆ ಎಂದು ಕರೆಯುವವಳು, ಎರಡು ದಿನ ಮೊದಲು ಫೋನ್ ಮಾಡಿದ್ದಳು. ಆ ರೇಡಿಯೋ ಕೇಂದ್ರ ಮುಚ್ಚುತ್ತಿದೆಯಂತೆ, ಹಳೆಯದನ್ನೆಲ್ಲ ತೆಗೆಯುವಾಗ ಅವತ್ತಿನ ರೆಕಾರ್ಡಿಂಗ್ ಸಿಕ್ಕಿತಂತೆ, ಅಲ್ಲಿಯವರು ಮಗಳ ಮೊಬೈಲಿಗೆ ಕಳಿಸಿದ್ದಾರಂತೆ. "ಒಬ್ಬಾಕಿ ಕೇಳಾಕ ಧೈರ್ಯ ಸಾಲವಲ್ದು. ನೀ ಜೊತಿಗಿದ್ದಿ ಅವತ್ತು. ನೀನಾ ಬಾ, ಕೂಡಿ ಕೇಳೂನು" ಎಂದಳು. ಬರುತ್ತೇನೆ ಎಂದೆ. ಅದರಲ್ಲಿ ಏನಿರಬಹುದು ಎಂಬುದು ನನಗೆ ಗೊತ್ತಿತ್ತು. ಎರಡು ರಾತ್ರಿ ನಿದ್ದೆ ಬರಲಿಲ್ಲ.

ಮಾಮ ಎಂದರೆ ರಕ್ತಸಂಬಂಧವೇನಲ್ಲ, ಗೋಡೆಗೆ ಗೋಡೆ ಹಚ್ಚಿದ ಮನೆ ಅಷ್ಟೇ. ಸಿರುಗುಪ್ಪದ ಒಂದು ರೈಸ್ ಮಿಲ್ಲಿನಲ್ಲಿ ಹಮಾಲಿ ಮಾಡುತ್ತಿದ್ದ. ಭತ್ತದ ಚೀಲ ಲಾರಿಯಿಂದ ಇಳಿಸಬೇಕು, ಅಕ್ಕಿ ಚೀಲ ಲಾರಿಗೆ ಏರಿಸಬೇಕು, ಮೂವತ್ತು ವರ್ಷ ಅದೇ ಕೆಲಸ. ನಾನು ಇನ್ನೂ ಹೈಸ್ಕೂಲಿನಲ್ಲಿದ್ದಾಗಲೇ ನನ್ನನ್ನು "ಟೀಚರಮ್ಮ" ಎಂದು ಕಾಡಿಸುತ್ತಿದ್ದ. ಮುಂದೆ ನಾನು ನಿಜಕ್ಕೂ ಟೀಚರಾದಾಗ, ತಾನು ಬಾಯಿ ತುಂಬ ಕರೆದದ್ದಕ್ಕೇ ನೌಕರಿ ಸಿಕ್ಕಿತೆಂದು ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗಿದ.

ಅವನ ನಗು ಇಡೀ ಊರಿಗೆ ಗೊತ್ತಿತ್ತು. ಮೊದಲು ಗಂಟಲಲ್ಲಿ ಸಣ್ಣಗೆ ಸೀಟಿ ಹೊಡೆದಂತೆ ಶುರುವಾಗಿ, ಒಂದು ಕ್ಷಣ ಉಸಿರೇ ನಿಂತಂತಾಗಿ, ಆಮೇಲೆ ಚಾವಣಿ ಹಾರುವಂತೆ ಹೊರಬೀಳುತ್ತಿತ್ತು. ಕೊನೆಗೆ ಹೆಗಲ ಮೇಲಿನ ಟವೆಲ್ಲಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ. ಅವನು ನಕ್ಕರೆ ಏನು ಎತ್ತ ಕೇಳದೆ ಎಲ್ಲರೂ ನಗುತ್ತಿದ್ದರು. ಗಣೇಶನ ಹಬ್ಬದಲ್ಲಿ ನಗೆಹನಿ ಹೇಳುವವರನ್ನು ಕರೆಸಿದರೆ ಮಾಮನಿಗೆ ಮುಂದಿನ ಕುರ್ಚಿ ಹಾಕುವುದು ನಮ್ಮ ಓಣಿಯ ಪದ್ಧತಿಯೇ ಆಗಿತ್ತು. ನನ್ನಂಥ ಸಿಡುಕು ಮೋರೆಯವಳೂ ಅವನ ಪಕ್ಕ ಕೂತರೆ ಹೊಟ್ಟೆ ಹಿಡಿದುಕೊಳ್ಳಬೇಕಾಗುತ್ತಿತ್ತು.

ಆಗಷ್ಟೇ ಶುರುವಾಗಿದ್ದ ಆ ಸಣ್ಣ ರೇಡಿಯೋ ಕೇಂದ್ರದ ಹುಡುಗಿಯೊಬ್ಬಳು ನಮ್ಮ ಶಾಲೆಗೆ ಮಕ್ಕಳ ಹಾಡು ರೆಕಾರ್ಡ್ ಮಾಡಿಕೊಳ್ಳಲು ಬಂದಿದ್ದಳು. ಅದೇ ಹೊತ್ತಿಗೆ ಮಾಮ ನನಗೆ ಬುತ್ತಿ ಕೊಡಲು ಬಂದ. ಯಾವ ಮಾತಿಗೋ ನಕ್ಕ. ಹುಡುಗಿ ಬೆರಗಾಗಿ ನೋಡಿದಳು. ಜನರನ್ನು ಎದುರಿಗೆ ಕೂರಿಸಿಕೊಂಡು ಹಾಸ್ಯ ನಾಟಕ ರೆಕಾರ್ಡ್ ಮಾಡುತ್ತೇವೆ, ಆದರೆ ಬಂದವರು ಪರೀಕ್ಷೆಗೆ ಬಂದವರ ಹಾಗೆ ಬಿಗಿಯಾಗಿ ಕೂರುತ್ತಾರೆ, ಇವರನ್ನು ಕರೆದುಕೊಂಡು ಬನ್ನಿ ಮೇಡಂ, ಎಂದು ನನ್ನ ಬೆನ್ನು ಬಿದ್ದಳು. ನಾನು ಒಪ್ಪಿಕೊಂಡೆ. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹೇಳಿಯೂ ಬಿಟ್ಟೆ, ನಾವು ರೇಡಿಯೋದಲ್ಲಿ ಬರುತ್ತೇವೆ ಎಂದು. ಜಂಬ ಕೊಚ್ಚಿಕೊಂಡೆ ಎಂದರೂ ಸರಿಯೇ.

ಹೋಗುವ ದಿನ ಬೆಳಿಗ್ಗೆ ಅವರ ಮನೆಗೆ ಹೋದರೆ ಮಾಮ ಅಂಗಿ ಬಿಚ್ಚಿ ಕೂತಿದ್ದ. ಅತ್ತೆ ಅವನ ಎಡ ಹೆಗಲಿಗೆ ಮುಲಾಮು ತಿಕ್ಕುತ್ತಿದ್ದಳು. ಮನೆಯೆಲ್ಲ ಅದೇ ಘಾಟು.

"ಇವತ್ತು ಬ್ಯಾಡ ಬಿಡು ಟೀಚರಮ್ಮ. ರಾತ್ರಿಯಿಂದ ಹೆಗಲು ಹಿಡಕೊಂಡೈತಿ. ಕೈತನಕ ಎಳೀತೈತಿ."

"ಚೀಲ ಹೊತ್ತ ಹೆಗಲು ಮಾಮ, ನೋಯದ ಇರ್ತೈತೇನು? ಅಲ್ಲಿ ಎಸಿ ಐತಿ, ತಂಪಾಗಿ ಕುಂದ್ರು, ಆರಾಮ ಆಗ್ತೈತಿ" ಎಂದೆ.

ಅತ್ತೆ ಕೈ ಒರೆಸಿಕೊಳ್ಳುತ್ತ, "ಮಾರಿ ನೋಡು ಹೆಂಗ ಬಾಡೈತಿ. ಮುಂದಿನ ಸಲ ಹೋದ್ರ ಆಗಂಗಿಲ್ಲೇನು?" ಎಂದಳು. ಮಾತು ಕೊಟ್ಟಿದ್ದೇನೆ ಎಂದೆ. ಯಾರಿಗೆ ಕೊಟ್ಟಿದ್ದೆ, ಏನು ಕೊಟ್ಟಿದ್ದೆ... ಎಡ ಹೆಗಲು, ಎಡಗೈ. ನಮ್ಮ ಶಾಲೆಯ ಗೋಡೆಯ ಮೇಲೆ ಆರೋಗ್ಯ ಇಲಾಖೆಯ ಚಿತ್ರಪಟವೊಂದಿತ್ತು, ಅದರಲ್ಲಿ ಹೃದಯಾಘಾತದ ಲಕ್ಷಣವೆಂದು ಇದನ್ನೇ ಬರೆದಿತ್ತು. ದಿನಾ ಅದರ ಮುಂದೆ ನಿಂತು ಪ್ರಾರ್ಥನೆ ಹೇಳಿಸುತ್ತಿದ್ದವಳು ನಾನು. ಆದರೆ ಹಮಾಲರ ಓಣಿಯಲ್ಲಿ ಹೆಗಲು ನೋವನ್ನು ಯಾರು ಕಾಯಿಲೆ ಎನ್ನುತ್ತಾರೆ? ನಮ್ಮಲ್ಲಿ ಮನೆಗೊಂದು ಮುಲಾಮಿನ ಡಬ್ಬಿ ಇದ್ದೇ ಇರುತ್ತದೆ.

ಬಳ್ಳಾರಿಯಲ್ಲಿ ಇಳಿದಾಗ ಬಿಸಿಲು ಕಾದ ಹಂಚಿನ ಹಾಗಿತ್ತು. ಬಸ್‌ಸ್ಟ್ಯಾಂಡಿನ ಹತ್ತಿರ ಮಿರ್ಚಿ, ಮಂಡಕ್ಕಿ ಕೊಡಿಸಿದೆ. ಮಿರ್ಚಿ ಎಂದರೆ ಪ್ರಾಣ ಬಿಡುವವನು ಒಂದನ್ನೂ ಪೂರ್ತಿ ತಿನ್ನಲಿಲ್ಲ. ಸಭಾಂಗಣ ಎರಡನೇ ಮಹಡಿಯಲ್ಲಿತ್ತು. ಮೆಟ್ಟಿಲ ಮೇಲೆ ಎರಡು ಸಲ ನಿಂತ. "ಬಿಸಿಲು" ಎಂದ. ನಾನೂ ಬಿಸಿಲೇ ಎಂದುಕೊಂಡೆ.

ಒಳಗೆ ಎಸಿಯ ಚಳಿ. ನೂರು ಕುರ್ಚಿ, ಸಣ್ಣ ವೇದಿಕೆ, ಅದರ ಮೇಲೆ ಕೆಂಪು ದೀಪ. ಮಾಮನನ್ನು ಮುಂದಿನ ಸಾಲಿನ ನಟ್ಟನಡುವೆ ಕೂರಿಸಿದರು. ಅವನ ನಗುವಿಗೆಂದೇ ಒಂದು ಮೈಕನ್ನು ಸ್ಟ್ಯಾಂಡಿನ ಸಮೇತ ತಂದು ನಮ್ಮ ಮೊಣಕಾಲಿನ ಮುಂದೆ ನಿಲ್ಲಿಸಿದರು. ಆ ಹುಡುಗಿ ವೇದಿಕೆಗೆ ಬಂದು ಹೇಳಿದಳು: ಕೆಂಪು ದೀಪ ಹತ್ತಿದ ಮೇಲೆ ಯಾರೂ ಏಳಬಾರದು, ಮಾತಾಡಬಾರದು, ಬಾಗಿಲು ತೆಗೆಯಬಾರದು. ನಗು ಬಂದರೆ ಮಾತ್ರ ಎಷ್ಟು ಬೇಕಾದರೂ ನಗಬಹುದು. ಎಲ್ಲರೂ ತಲೆಯಾಡಿಸಿದರು. ನಾನು ಎಲ್ಲರಿಗಿಂತ ಜೋರಾಗಿ ತಲೆಯಾಡಿಸಿದೆ. ಇಂಥ ಮಾತು ದಿನಕ್ಕೆ ಹತ್ತು ಸಲ ಹೇಳುವವಳಲ್ಲವೇ ನಾನು!

ದೀಪ ಹತ್ತಿತು. ಇಬ್ಬರು ಕಲಾವಿದರು. ಒಬ್ಬ ಕೂಲರ್ ಅಂಗಡಿಯವನು, ಇನ್ನೊಬ್ಬ ಬಳ್ಳಾರಿ ಬಿಸಿಲಿಗೆ ಬೆಂದ ಗಿರಾಕಿ. ಕೂಲರ್ ಹೇಗೆ ಓಡುತ್ತದೋ ನೋಡಬೇಕೆಂದು ಬಂದ ಗಿರಾಕಿ ಅದರ ಮುಂದೆ ಕೂತವನು ಏಳುವುದೇ ಇಲ್ಲ. ಮರುದಿನ ಹೆಂಡತಿಯನ್ನು ಕರೆತರುತ್ತಾನೆ, ಅದರ ಮರುದಿನ ತನ್ನ ಅತ್ತೆಯನ್ನು. ನಾಲ್ಕನೇ ದಿನ ಇಡೀ ಮನೆಯವರು ರೊಟ್ಟಿ ಬುತ್ತಿ ಕಟ್ಟಿಕೊಂಡು ಬಂದು ಅಂಗಡಿಯಲ್ಲೇ ಊಟಕ್ಕೆ ಕೂರುತ್ತಾರೆ. ಮಾಮ ಮೊದಲ ದಿನದ ಗಿರಾಕಿಗೇ ನಕ್ಕ. ಸಭಾಂಗಣ ಅವನ ಹಿಂದೆಯೇ ನಕ್ಕಿತು. ಐದೇ ನಿಮಿಷದಲ್ಲಿ ಜನ ವೇದಿಕೆ ಬಿಟ್ಟು ಅವನ ಬೆನ್ನನ್ನೇ ನೋಡುತ್ತಿದ್ದರು, ಅವನು ಯಾವಾಗ ನಗುತ್ತಾನೆ ಎಂದು.

ಆಮೇಲೆ ನಗು ಕಡಿಮೆಯಾಯಿತು. ತಿರುಗಿ ನೋಡಿದೆ. ಅಷ್ಟು ಚಳಿಯಲ್ಲೂ ಅವನ ಅಂಗಿ ಬೆನ್ನಿಗೆ ಅಂಟಿತ್ತು. ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. ನನ್ನ ಕಡೆ ಬಾಗಿ, ಕಿವಿಯ ಹತ್ತಿರ, "ಟೀಚರಮ್ಮ, ನನಗ ಯಾಕೋ ಸರಿ ಅನಸವಲ್ದು. ಹೊರಗ ಹೋಗಾನು ನಡಿ" ಎಂದ.

ನಾನು ತುಟಿಯ ಮೇಲೆ ಬೆರಳಿಟ್ಟು "ಶ್‌" ಎಂದೆ.

ಬೇಕೆಂದು ಮಾಡಿದ್ದಲ್ಲ. ಯೋಚಿಸಿ ಮಾಡಿದ್ದೂ ಅಲ್ಲ. ತರಗತಿಯಲ್ಲಿ ಮಗುವೊಂದು ಪಕ್ಕದವನ ಕಿವಿಯಲ್ಲಿ ಪಿಸುಗುಟ್ಟಿದರೆ ನನ್ನ ಬೆರಳು ತಾನಾಗಿ ತುಟಿಗೆ ಹೋಗುತ್ತದೆ. ಅವತ್ತೂ ಹೋಯಿತು. ಆಮೇಲೆ ಕೆಂಪು ದೀಪವನ್ನು ತೋರಿಸಿದೆ. ಮಾಮ ದೀಪ ನೋಡಿದ, ನನ್ನನ್ನು ನೋಡಿದ. ಮೂರನೇ ತರಗತಿಯ ಹುಡುಗನ ಹಾಗೆ ಎರಡೂ ಕೈ ಕಟ್ಟಿಕೊಂಡು ಸುಮ್ಮನೆ ಕೂತ... ದೀಪ ಆರಲು ಇನ್ನೂ ಅರ್ಧ ತಾಸು ಇತ್ತು.

ಬುತ್ತಿ ಬಿಚ್ಚುವ ದೃಶ್ಯದಲ್ಲಿ ಅವನ ಗಂಟಲಿನಿಂದ ಆ ಸೀಟಿಯಂಥ ಸದ್ದು ಬಂತು. ಉಸಿರು ನಿಂತಂತಾಯಿತು. ಇನ್ನೇನು ನಗು ಬರುತ್ತದೆ ಎಂದು ಸಭಾಂಗಣವೆಲ್ಲ ಮೊದಲೇ ನಕ್ಕುಬಿಟ್ಟಿತು. ಚಪ್ಪಾಳೆಯೂ ಬಿತ್ತು. ಕಲಾವಿದರು ಖುಷಿಯಾಗಿ ಅವನ ಕಡೆ ಕೈ ಮುಗಿದರು. ನಾನೂ ನಕ್ಕೆ. ದೇವರಾಣೆ, ನಾನೂ ನಕ್ಕೆ. ದೀಪ ಆರಿ ಜನ ಎದ್ದು ನಿಂತಾಗ ಅವನೊಬ್ಬ ಏಳಲಿಲ್ಲ. ಕಟ್ಟಿದ ಕೈ ಕಟ್ಟಿದಂತೆಯೇ ಇತ್ತು.

ಆಸ್ಪತ್ರೆಯಲ್ಲಿ ವೈದ್ಯರು ನನ್ನೊಬ್ಬಳನ್ನೇ ಪಕ್ಕಕ್ಕೆ ಕರೆದು, ಅರ್ಧ ತಾಸು ಮೊದಲು ತಂದಿದ್ದರೆ ನೋಡಬಹುದಿತ್ತು ಎಂದರು. ಆ ಮಾತನ್ನು ನಾನು ಯಾರಿಗೂ ಹೇಳಲಿಲ್ಲ. ಅಷ್ಟರಲ್ಲಿ ಸಿರುಗುಪ್ಪದಲ್ಲಿ ಸುದ್ದಿ ಹಬ್ಬಿತ್ತು: ಪುಣ್ಯಾತ್ಮ, ನಕ್ಕೊಂತ ಹೋದ. ಮಣ್ಣು ಕೊಡಲು ಬಂದವರೆಲ್ಲ ಅದನ್ನೇ ಹೇಳಿದರು. ಮೂರನೇ ದಿನ ಅತ್ತೆ ನನ್ನ ಕೈ ಹಿಡಿದು ಕೇಳಿದಳು, "ಕೊನೀಗೆ ಏನಾರ ಅಂದ್ರೇನು?"

"ಇಲ್ಲ ಅತ್ತಿ. ನಗ್ತಾನಾ ಇದ್ದ."

ಅವಳು ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಆರು ವರ್ಷ, ಬಂದವರಿಗೆಲ್ಲ ಅದನ್ನೇ ಹೇಳಿ ಸಮಾಧಾನ ಪಟ್ಟಳು. ರೇಡಿಯೋದವರು ಆ ಕಾರ್ಯಕ್ರಮ ಪ್ರಸಾರ ಮಾಡಲಿಲ್ಲ. ನಾನು ಒಳಗೊಳಗೇ ನಿರಾಳವಾಗಿದ್ದೆ.

ಕುರುಗೋಡಿನಲ್ಲಿ ಬಸ್ಸಿಳಿದು ಅತ್ತೆಯ ಮಗಳ ಮನೆಗೆ ನಡೆದೆ. ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದಳು. ಚಹಾ ಕೊಟ್ಟಳು, ಬಿಸಿಲಲ್ಲಿ ಬಂದೆಯಲ್ಲ ಎಂದು ಸೆರಗಿನಿಂದ ಗಾಳಿ ಬೀಸಿದಳು. ಮಗಳು ಮೊಬೈಲನ್ನು ನಮ್ಮಿಬ್ಬರ ನಡುವೆ ಇಟ್ಟು ಒತ್ತಿದಳು.

ಮೊದಲ ನಗು ಬಂದಾಗ ಅತ್ತೆಯ ಮುಖ ಅರಳಿತು. "ಅವರಾ, ಅವರಾ!" ಎಂದು ನನ್ನ ತೊಡೆ ತಟ್ಟಿದಳು. ಕೂಲರ್ ಗಿರಾಕಿಗೆ ತಾನೂ ನಕ್ಕಳು. ನಾನು ಲೆಕ್ಕ ಹಾಕುತ್ತ ಕೂತಿದ್ದೆ, ಗಿರಾಕಿಯ ಹೆಂಡತಿ ಬಂದಳು, ಈಗ ಅವನ ಅತ್ತೆ ಬರುತ್ತಾಳೆ, ಈಗ... ಜನರ ನಗುವಿನ ಅಡಿಯಲ್ಲಿ ಏನೋ ಗುಜುಗುಜು ಕೇಳಿಸಿತು. ಮಾತು ತಿಳಿಯಲಿಲ್ಲ. ಅದರ ಬೆನ್ನಿಗೇ ನನ್ನ "ಶ್‌" ಕೇಳಿಸಿತು. ಮೈಕು ಮೊಣಕಾಲಿನ ಮುಂದೆಯೇ ಇತ್ತಲ್ಲ, ಚಾಕುವಿನಂತೆ ಸ್ಪಷ್ಟವಾಗಿತ್ತು.

ಅತ್ತೆ ಮೊಬೈಲಿನ ಕಡೆ ಇನ್ನಷ್ಟು ಬಾಗಿದಳು. ಬುತ್ತಿಯ ದೃಶ್ಯ ಬಂತು. ಆ ಸೀಟಿ, ಜನರ ನಗು, ಚಪ್ಪಾಳೆ. ಅತ್ತೆಯ ಕೈ ನನ್ನ ತೊಡೆಯ ಮೇಲೆ ಹಾಗೇ ನಿಂತಿತು.

"ಇದು ನಗು ಅಲ್ಲ" ಎಂದಳು.

ಮಗಳು ಅವಳ ಮುಖ ನೋಡಿದಳು. "ಹಿಂದಕ ಹಾಕು" ಎಂದಳು ಅತ್ತೆ. ಮಗಳು ಹಾಕಿದಳು. ಮತ್ತೆ ಗುಜುಗುಜು, ಮತ್ತೆ "ಶ್‌".

"ಯಾರದು?"

ಯಾರೋ ಹಿಂದಿನ ಸಾಲಿನವರು ಎಂದು ಹೇಳಬಹುದಿತ್ತು. ಅವಳು ನಂಬುತ್ತಿದ್ದಳು. ಆರು ವರ್ಷ ನನ್ನನ್ನು ನಂಬಿದವಳು.

"ನಾನು ಅತ್ತಿ."

"ಏನಂದ್ರು ಅವರು?"

ಹೇಳಿದೆ. ಅವನು ಅಂದದ್ದನ್ನು ಅಂದ ಹಾಗೆಯೇ ಹೇಳಿದೆ. ಕೈ ಕಟ್ಟಿಕೊಂಡು ಕೂತದ್ದನ್ನು ಹೇಳಿದೆ. ವೈದ್ಯರ ಮಾತನ್ನೂ ಹೇಳಿದೆ. ಅಳುತ್ತ ಅವಳ ಕಾಲು ಹಿಡಿಯಲು ಹೋದೆ, ಕಾಲು ಹಿಂದಕ್ಕೆ ಎಳೆದುಕೊಂಡಳು. ಬೈಯುತ್ತಾಳೆ, ಹೊಡೆಯುತ್ತಾಳೆ ಎಂದು ಕಾದೆ. ಅವಳು ಮೊಬೈಲನ್ನು ಎತ್ತಿ ಎದೆಗೆ ಹಚ್ಚಿಕೊಂಡು ಗೋಡೆಯ ಕಡೆ ತಿರುಗಿ ಕೂತಳು.

ಕೊನೆಗೆ ನಾನೇ ಎದ್ದೆ. "ಬರ್ತೀನಿ ಅತ್ತಿ" ಎಂದೆ. ನಮ್ಮ ಕಡೆ ಹೊರಟವರಿಗೆ, ಎಂಥ ಜಗಳವಾಗಿದ್ದರೂ, "ಹೋಗಿ ಬಾ" ಎನ್ನುತ್ತಾರೆ. ಅಷ್ಟು ವರ್ಷದಲ್ಲಿ ಆ ಮನೆಯಿಂದ ನಾನು ಅದನ್ನು ಕೇಳದೆ ಹೊರಬಿದ್ದದ್ದೇ ಇಲ್ಲ.

"ಹೋಗು" ಎಂದಳು ಅತ್ತೆ.

ಬಸ್‌ಸ್ಟ್ಯಾಂಡಿನಲ್ಲಿ ಸಿರುಗುಪ್ಪದ ಎರಡು ಬಸ್ಸು ಹೋದವು, ಹತ್ತಲಿಲ್ಲ. ಮಾಮ ಸತ್ತಾಗ ನನಗೆ ಅತ್ತೆ ಉಳಿದಿದ್ದಳು. ಈಗ ನನಗೆ ಅವಳೂ ಇಲ್ಲ.