ಉನ್ನತ ಎಂಬ ಪದಕ್ಕೆ ಅಪ್ಪ ಪಟ್ಟ ಪಾಡು

ಅಪ್ಪ ಕೆ.ಆರ್. ಪೇಟೆ ಕಡೆಯ ಹೈಸ್ಕೂಲುಗಳಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿದವರು. ಹುಟ್ಟಿದ್ದು ಪಾಂಡವಪುರದ ಒಕ್ಕಲು ಮನೆಯಲ್ಲಿ. ಆದರೂ ಯಾರಾದರೂ ‘ಬುಡು’ ಅಂದರೆ ಉಣ್ಣುತ್ತಿದ್ದ ಕೈ ನಿಲ್ಲಿಸಿ ‘ಬಿಡು’ ಎಂದು ತಿದ್ದುತ್ತಿದ್ದರು. ಅಜ್ಜಿಯನ್ನೂ ಬಿಟ್ಟವರಲ್ಲ.

ಎರಡು ವರ್ಷದ ಹಿಂದೆ ಅವರಿಗೆ ಲಕ್ವ ಹೊಡೆಯಿತು. ಕೈಕಾಲು ನಿಧಾನಕ್ಕೆ ಸರಿಹೋದವು, ಮಾತು ಬರಲಿಲ್ಲ. ನಾವು ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು. ಬಾಯಿಗೆ ಬರುತ್ತಿದ್ದುದು ಮಾತ್ರ ಒಂದೇ ಪದ, ‘ಬುಡು’. ನೀರಿಗೂ ಬುಡು, ಫ್ಯಾನಿಗೂ ಬುಡು. ಆ ಪದ ಹೊರಬಿದ್ದಾಗಲೆಲ್ಲ ಅವರ ಮುಖ ನೋಡಲು ನನ್ನಿಂದ ಆಗುತ್ತಿರಲಿಲ್ಲ. ನಾಗಮಂಗಲದ ನನ್ನ ಮನೆಗೇ ಅವರನ್ನು ಕರೆತಂದು ಇಟ್ಟುಕೊಂಡೆ.

ಒಂದು ಭಾನುವಾರ ಬೆಳಿಗ್ಗೆ ಅವರ ಹಳೆಯ ಶಿಷ್ಯರೊಬ್ಬರು ಹುಡುಕಿಕೊಂಡು ಬಂದರು. ಐವತ್ತು ದಾಟಿದವರು, ಹಸು ಸಾಕಿಕೊಂಡಿರುವವರು. ಅಪ್ಪನ ಕಾಲಿಗೆರಗಿ ಎದುರಿಗೆ ನೆಲದ ಮೇಲೆಯೇ ಕೂತರು. ಕಾಯಿಲೆಯ ಸುದ್ದಿ ಕೇಳಿದ್ದರು, ಮಾತು ಹೋಗಿದೆ ಎಂದು ಯಾರೂ ಹೇಳಿರಲಿಲ್ಲ. ನಾನಾದರೂ ಬಾಗಿಲಲ್ಲೇ ಹೇಳಬೇಕಿತ್ತು. ಕಾಫಿ ತರಲು ಒಳಗೆ ಹೋದೆ.

ಬರುವಷ್ಟರಲ್ಲಿ ಅವರು ಶುರು ಮಾಡಿಬಿಟ್ಟಿದ್ದರು.

“ನಮ್ಮೂರ ಇಸ್ಕೂಲಿಗೆ ಎಂಟನೇ ಕ್ಲಾಸು ಕೊಟ್ಟವ್ರೆ ಸಾ. ಬೋರ್ಡಲ್ಲಿ ‘ಉನ್ನತೀಕರಿಸಿದ ಶಾಲೆ’ ಅಂತ ಬರ್ಸವ್ರೆ. ಇಸ್ಕೂಲ್ ಕಮಿಟಿಗೆ ನಾನೇ ಅಧ್ಯಕ್ಷ, ಫಂಕ್ಷನ್ನಲ್ಲಿ ನಾಕು ಮಾತು ಆಡ್ಬೇಕು. ಉನ್ನತ ಅಂದ್ರೆ ಎತ್ರ ಅಂತ ಗೊತ್ತು. ಅದ್ರೊಳಗೆ ಬಾಗೋದೂ ಅದೆ ಅಂತ ನೀವು ಕ್ಲಾಸಲ್ಲಿ ಯೋಳಿದ್ರಿ. ಅದೆಂಗೆ ಅಂತ ಮರ್ತೋಗದೆ. ಇನ್ನೊಂದ್ಸಲ ಯೋಳಿ ಸಾ.”

ಅಪ್ಪ ಕುರ್ಚಿಯಲ್ಲಿ ನೆಟ್ಟಗಾದರು. ಕಣ್ಣು ಹೊಳೆಯಿತು. “ಉ...” ಅಂದರು. ಅಷ್ಟು ತಿಂಗಳಲ್ಲಿ ನಾನು ಆ ಅಕ್ಷರ ಕೇಳಿರಲಿಲ್ಲ, ಲೋಟ ಹಿಡಿದುಕೊಂಡು ಹಾಗೇ ನಿಂತೆ. “ಉ... ಉ...” ಕುತ್ತಿಗೆಯ ನರ ಉಬ್ಬಿತು. ಆಮೇಲೆ ತುಟಿಗಳು ತಾವಾಗಿ ಕೂಡಿಕೊಂಡವು. ಬರುವುದು ಯಾವುದೆಂದು ಅವರಿಗೇ ಗೊತ್ತಾಗಿ, ಅಂಗೈಯಿಂದ ಬಾಯಿ ಮುಚ್ಚಿಕೊಂಡರು.

ಶಿಷ್ಯರು ನನ್ನ ಕಡೆ ನೋಡಿದರು. ತಡೆಯಲಾರದೆ ನಾನೇ ಹೇಳಿಬಿಟ್ಟೆ.

“ನತ ಅಂದರೆ ಬಾಗಿದ್ದು. ನಮಸ್ಕಾರದ ‘ನಮ’ಕ್ಕೂ ಅದೇ ಮೂಲ. ಅದರ ಹಿಂದೆ ‘ಉತ್’ ಸೇರಿದರೆ ಉನ್ನತ, ಮೇಲ್ಮುಖವಾಗಿ ಬಾಗಿದ್ದು. ಬೆಟ್ಟಕ್ಕೂ ಅದೇ ಪದ, ದೊಡ್ಡ ಮನುಷ್ಯರಿಗೂ ಅದೇ ಪದ.”

ಚಿಕ್ಕವಳಿದ್ದಾಗ ಕರಿಘಟ್ಟದ ಮೆಟ್ಟಿಲು ಹತ್ತುತ್ತಾ ಅಪ್ಪ ಹೇಳಿಕೊಟ್ಟದ್ದನ್ನೇ ಒಪ್ಪಿಸಿದ್ದೆ. ಅವರು ಒಂದೊಂದು ಮೆಟ್ಟಿಲಿಗೂ ನಿಂತು ಬಿಡಿಸಿದ್ದನ್ನು ನಾನು ಒಂದೇ ಉಸಿರಿನಲ್ಲಿ ಮುಗಿಸಿದೆ.

“ಅದೇ ಕಣವ್ವ, ಅದೇ!” ಎಂದು ಶಿಷ್ಯರು ಚೀಟಿಯಲ್ಲಿ ಬರೆದುಕೊಂಡರು.

ಅಪ್ಪ ನನ್ನನ್ನು ನೋಡಿದರು. ಕೋಪವಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟವರನ್ನು ನೋಡುವ ಹಾಗೆ, ತೀರಾ ಮರ್ಯಾದೆಯಿಂದ ನೋಡಿ ಗೋಡೆಯ ಕಡೆ ತಿರುಗಿದರು. “ಅಪ್ಪಾ, ತಪ್ಪಾಯ್ತು” ಅಂದೆ. ತಿರುಗಲಿಲ್ಲ.

ಭಾಷಣ ಚೆನ್ನಾಗಾಯಿತಂತೆ. “ಮೇಷ್ಟ್ರ ಎಸ್ರು ಯೋಳಿದ ತಕ್ಷಣ ಚಪ್ಪಾಳೆ ಕಣವ್ವ” ಎಂದು ಅವರು ಫೋನು ಮಾಡಿದರು. ಅಪ್ಪನಿಗೆ ಹೇಳಿದೆ. ಕೇಳಿಸಿತೋ ಇಲ್ಲವೋ.

ಈಗ ಶ್ರೀರಂಗಪಟ್ಟಣದಿಂದಲೂ ಹಳೆಯ ವಿದ್ಯಾರ್ಥಿಗಳು ಬರುತ್ತಾರೆ. ಗೇಟಿನ ಸದ್ದಾದರೆ ಸಾಕು, ಅಪ್ಪ ಎದ್ದು ಹಿತ್ತಲಿಗೆ ಹೋಗಿ ತೆಂಗಿನ ಮರದ ಬುಡದಲ್ಲಿ ಕೂರುತ್ತಾರೆ. “ಮಲಗಿದ್ದಾರೆ” ಎಂದು ನಾನು ಬಾಗಿಲಲ್ಲಿ ನಿಂತು ಹೇಳುತ್ತೇನೆ. ಬಂದವರು ಹಣ್ಣು ಕೊಟ್ಟು, ಚಪ್ಪಲಿ ಮೆಟ್ಟಿ ಹೋಗುತ್ತಾರೆ.