ಪೊಲೀಸ್ ಕಾರಿಗೊಂದು ಮೂಗಿನ ಸ್ಪ್ರೇ

ಗಂಡನ ಗೊರಕೆ ಕೇಳಿ ಖುಷಿಪಟ್ಟ ಹೆಂಗಸು ಇಡೀ ಡಲ್ಲಾಸ್‌ನಲ್ಲಿ ನಾನೊಬ್ಬಳೇ ಇರಬೇಕು. ಬೆನ್ನಿನ ಆಪರೇಷನ್ ಆದಾಗಿನಿಂದ ಇವರಿಗೆ ನಿದ್ದೆಯೇ ಇರಲಿಲ್ಲ. ಆ ಶನಿವಾರ ಮಧ್ಯಾಹ್ನ ಗೊರಕೆ ಕೇಳಿಸಿದಾಗ, ಪಾಪ ಮಲಗಲಿ ಎಂದು ಬಾಗಿಲು ಮುಂದೆ ಮಾಡಿ, ದೋಸೆಗೆ ರುಬ್ಬುವುದನ್ನೂ ನಿಲ್ಲಿಸಿದೆ. ಡಾಕ್ಟರ್ ಹೇಳಿದ್ದಕ್ಕಿಂತ ಹೆಚ್ಚು ನೋವಿನ ಮಾತ್ರೆ ನುಂಗುತ್ತಿದ್ದಾರೆಂದು ನನಗೇನು ಗೊತ್ತು! ಅದು ಗೊರಕೆಯಲ್ಲ, ಉಸಿರು ಕಟ್ಟುತ್ತಿದ್ದ ಸದ್ದು. ಸದ್ದು ನಿಂತ ಮೇಲೆ, "ರೀ, ಏಳ್ರೀ, ಕಾಫಿ" ಎಂದು ಅಲ್ಲಾಡಿಸಿದೆ. ತುಟಿ ನೀಲಿಯಾಗಿತ್ತು.

ತುರ್ತು ಸಹಾಯಕ್ಕೆ ಫೋನ್ ಮಾಡಿದಾಗ ಮೊದಲು ಬಂದವನು ಪೊಲೀಸಿನವನು. ಮಾತ್ರೆಯ ಡಬ್ಬಿ ನೋಡಿದವನೇ ಇವರನ್ನು ನೆಲದ ಮೇಲೆ ಮಲಗಿಸಿ, ಬಾಯಿಗೆ ಮಾಸ್ಕ್ ಇಟ್ಟು ಉಸಿರು ಊದತೊಡಗಿದ. ಏನಾದರೂ ಔಷಧಿ ಕೊಡಿ ಎಂದು ಕಿರುಚಿದೆ. "ಮಾತ್ರೆ ಹೆಚ್ಚಾಗಿ ಉಸಿರು ನಿಂತರೆ ಮೂಗಿಗೆ ಹೊಡೆಯೋ ಸ್ಪ್ರೇ ಇದೆ ಮ್ಯಾಮ್, ನಮಗೆ ಕೊಟ್ಟಿಲ್ಲ" ಎಂದ. ಆಂಬುಲೆನ್ಸಿನವರು ಬಂದು ಅದನ್ನು ಮೂಗಿಗೆ ಹೊಡೆದ ಮೇಲೆ ಇವರು ಕೆಮ್ಮಿ ಕಣ್ಣು ಬಿಟ್ಟರು. ನಾನು ಗೊಳೋ ಎಂದು ಅತ್ತೆ.

"ಯಾರಿಗೂ ಹೇಳ್ಬೇಡ ಕಣೇ, ಮಾನ ಹೋಗುತ್ತೆ" ಎಂದು ಇವರು ಮಾತು ತೆಗೆದುಕೊಂಡರು. ಇರ್ವಿಂಗ್ ದೇವಸ್ಥಾನದಲ್ಲಿ ಸಿಕ್ಕ ಕನ್ನಡದವರಿಗೆಲ್ಲ, ಶುಗರ್ ಲೋ ಆಗಿತ್ತು ಎಂದೆವು. ಮಾತ್ರೆ ಬಿಡಿಸುವ ಚಿಕಿತ್ಸೆಗೆ ಹೋಗುವಾಗ ಪ್ಲೇನೋದ ತಮ್ಮ ಆಫೀಸಿನಲ್ಲಿ, ಫಿಸಿಯೋಥೆರಪಿಗೆ ಹೋಗುತ್ತಿದ್ದೇನೆ ಎಂದು ಹೇಳುತ್ತಿದ್ದರು.

ಮರುವರ್ಷ, ಪೊಲೀಸರಿಗೆ ಆ ಸ್ಪ್ರೇ ಕೊಡಿಸಲು ಊರಿನ ತೆರಿಗೆ ಹಣ ಬಳಸಬೇಕೇ ಎಂಬ ಚರ್ಚೆ ನಗರಸಭೆಗೆ ಬಂತು. ಯಾರು ಬೇಕಾದರೂ ಮಾತಾಡಬಹುದಂತೆ. ನಾನು ಬಾಯಿ ಮುಚ್ಚಿಕೊಂಡಿರುವವಳೇ? ಹೆಸರು ಕೊಟ್ಟೆ. "ನಿನ್ನನ್ನ ತಡೆಯೋಕಾಗುತ್ತಾ ತಾಯಿ! ನನ್ ವಿಷಯ ಮಾತ್ರ ಬೇಡ" ಎಂದು ಇವರೇ ಡ್ರೈವ್ ಮಾಡಿಕೊಂಡು ಬಂದು ಕೊನೆಯ ಸಾಲಿನಲ್ಲಿ ಕೂತರು. ಗ್ರಹಚಾರಕ್ಕೆ ನಮ್ಮ ಬೀದಿಯ ಕನ್ನಡದ ಅಂಕಲ್, ಆಂಟಿಯೂ ಬೀದಿದೀಪದ ದೂರು ಹಿಡಿದು ಅಲ್ಲೇ ಕೂತಿದ್ದರು.

ನನಗಿಂತ ಮೊದಲು ಒಬ್ಬಾತ, ಚಟದವರಿಗೆ ನಮ್ಮ ದುಡ್ಡೇಕೆ ಎಂದ. ಮೈಯೆಲ್ಲ ಉರಿಯಿತು. ಮೈಕ್ ಹಿಡಿದು, ಪಕ್ಕದ ಮನೆಯವರಿಗೆ ಹೀಗಾಗಿತ್ತು ಎಂದು ಶುರುಮಾಡಿದೆ. ನೀಲಿ ತುಟಿಯ ಹತ್ತಿರ ಬಂದಾಗ ಕಣ್ಣೊರೆಸಿಕೊಂಡೆ. ಸಭೆಯ ಹಿರಿಯ ಸದಸ್ಯೆ ಮೆಲ್ಲಗೆ, "ಅವರು ಈಗ ಹೇಗಿದ್ದಾರೆ?" ಎಂದು ಕೇಳಿದರು. ನಾನು ತಿರುಗಿ ಕೊನೆಯ ಸಾಲಿನತ್ತ ನೋಡಿದೆ.

ಹಿಂದೆ ಕುರ್ಚಿ ಸರಿದ ಸದ್ದಾಯಿತು. ಇವರು ಎದ್ದು, ಅಂಕಲ್ ಆಂಟಿಯನ್ನು ದಾಟಿಕೊಂಡು ನಿಧಾನವಾಗಿ ನಡೆದು ಬಂದರು. ಎಲ್ಲರ ಎದುರಿಗೆ ನನ್ನ ಕೈ ಹಿಡಿದುಕೊಂಡು ಮೈಕಿಗೆ ಬಾಗಿ ಹೇಳಿದರು: "ಚೆನ್ನಾಗಿದೀನಿ. ಅದು ನಾನೇ."