ಕೆಂಪು ಪಟ್ಟಿಯ ಜೊತೆ ಚೌಕಾಸಿ

ಮೊದಲು ಹೇಳಿದ ಬೆಲೆಯನ್ನು ನಂಬಬಾರದು ಎಂಬುದು ನಾನು ದುಡಿದು ಕಲಿತ ವಿದ್ಯೆ. ಸೈಕಲ್ ಮೇಲೆ ಸೀರೆ ಗಂಟು ಹೇರಿಕೊಂಡು ಕೋವಾಡದ ಸಂತೆಗೆ ಹೋಗುತ್ತಿದ್ದವನು ನಾನು. ಇವತ್ತು ಗಡಹಿಂಗ್ಲಜದಲ್ಲಿ ಸ್ವಂತ ಅಂಗಡಿ ಇದೆ. ಆದರೂ ಯಾರಾದರೂ ‘ಇಷ್ಟು’ ಎಂದರೆ ತಲೆ ತಾನಾಗಿ ಅಡ್ಡಡ್ಡ ಆಡುತ್ತದೆ. ಈ ಚಟ ಕಂಪ್ಯೂಟರಿನವರೆಗೂ ಹಬ್ಬಿತ್ತು. ಎಕ್ಸೆಲ್ ಫೈಲು ತೆರೆದಾಗ ಮೇಲ್ಗಡೆ ಹಳದಿ ಪಟ್ಟಿಯೊಂದು ಮೂಡಿ, ‘ಇದರಲ್ಲಿ ಮ್ಯಾಕ್ರೊ ಇದೆ, ಹುಷಾರು’ ಎನ್ನುತ್ತದಲ್ಲ, ಅದನ್ನೂ ಅಂಗಡಿಯವನ ಮೊದಲ ಬೆಲೆ ಎಂದೇ ತಿಳಿದಿದ್ದೆ. ಹೇಳುವುದು ಅದರ ಧರ್ಮ, ಕೇಳದಿರುವುದು ನನ್ನ ಧರ್ಮ. ಪಕ್ಕದಲ್ಲೇ ‘ಎನೇಬಲ್’ ಎಂಬ ಗುಂಡಿ. ಒತ್ತಿದರೆ ವ್ಯವಹಾರ ಮುಗಿಯಿತು.

ಮ್ಯಾಕ್ರೊ ಎಂದರೆ ಫೈಲಿನೊಳಗೇ ಕೂತು ತಾನಾಗಿ ಕೆಲಸ ಮಾಡುವ ಪುಟ್ಟ ಪ್ರೋಗ್ರಾಂ. ಸೀರೆಯವನಿಗೆ ಅದೇಕೆ ಎನ್ನುತ್ತೀರಿ. ನಮ್ಮ ಸೀರೆಗಳು ಇಚಲಕರಂಜಿಯ ಮಗ್ಗಗಳಲ್ಲಿ ಆಗುತ್ತವೆ. ಅಂಚಿನ ಚಿತ್ತಾರಕ್ಕಾಗಿ ಯಾವಾಗ ಯಾವ ಎಳೆ ಮೇಲೇಳಬೇಕೆಂದು ಮಗ್ಗಕ್ಕೆ ಹೇಳುವುದು, ಮರದ ರೀಪುಗಳ ತೂತಿನಲ್ಲಿ ಕೂರಿಸಿದ ಪುಟ್ಟ ಗೂಟಗಳು. ಗೂಟ ತಪ್ಪಿದರೆ ರುದ್ರಾಕ್ಷಿ ಅಂಚು ಹೋಗಿ ಶೇಂಗಾ ಅಂಚು ಆಗುತ್ತದೆ. ಇಚಲಕರಂಜಿಯ ಪದ್ಮಕ್ಕ ಈ ಅಂಚುಗಳನ್ನು ಎಕ್ಸೆಲ್‌ನ ಚೌಕಗಳಲ್ಲಿ ಬಣ್ಣ ತುಂಬಿ ಬಿಡಿಸುತ್ತಾರೆ. ಅವರೇ ಬರೆದ ಮ್ಯಾಕ್ರೊ ಆ ಬಣ್ಣಗಳನ್ನೆಲ್ಲ ಗೂಟಗಳ ಯಾದಿಯಾಗಿ ಮಾಡಿಕೊಡುತ್ತದೆ. ಮೊದಲು ಒಂದು ದಿನ ಹಿಡಿಯುತ್ತಿದ್ದ ಕೆಲಸ ಈಗ ಎಲೆಯಡಿಕೆ ಹಾಕಿಕೊಳ್ಳುವುದರೊಳಗೆ ಮುಗಿಯುತ್ತದೆ.

ಅವರ ಬೆಲೆ ಮಾತ್ರ ಕರಾರುವಾಕ್ಕು, ಒಂದು ಪೈಸೆ ಇಳಿಯುವುದಿಲ್ಲ. ಅದಕ್ಕೇ ಈ ಸಲ ಬುದ್ಧಿ ಓಡಿಸಿದೆ. ಪದ್ಮಕ್ಕನ ರುದ್ರಾಕ್ಷಿ ಅಂಚಿನ ಫೈಲು ಕೋಲ್ಹಾಪುರದ ಒಬ್ಬ ಗೆಳೆಯನ ಹತ್ತಿರ ಇತ್ತು. ಮೂರು ಕೈ ದಾಟಿ ಬಂದದ್ದು. ಅವನಿಗೆ ಚಹಾ ಕುಡಿಸಿ ಅದನ್ನು ಪಡೆದೆ.

ಮರುದಿನ ಬೆಳಿಗ್ಗೆ ನೇಕಾರ ಈರಪ್ಪನ ಮನೆಯಲ್ಲಿ ಲ್ಯಾಪ್‌ಟಾಪ್ ತೆರೆದೆ. ಈರಪ್ಪನಿಗೆ ಇರುವುದು ಎರಡೇ ಮಗ್ಗ. ಎರಡರ ಮೇಲೂ ನನ್ನದೇ ಸೀರೆಯ ಹಾಸುನೂಲು ಏರಿ ಗೂಟಗಳಿಗೆ ಕಾದಿತ್ತು. ನೇಯ್ದ ಮೀಟರಿಗೆ ಮಜೂರಿ; ಮಗ್ಗ ನಿಂತ ದಿನ ಅವನಿಗೆ ಕೂಲಿ ಇಲ್ಲ. ಪರದೆಯ ಮೇಲೆ ಈ ಸಲ ಮೂಡಿದ ಪಟ್ಟಿ ಹಳದಿಯಲ್ಲ, ಕೆಂಪು. ಫೈಲಿನ ಮೂಲ ನಂಬಿಕೆಗೆ ಅರ್ಹವಲ್ಲ, ಮ್ಯಾಕ್ರೊ ತಡೆದಿದ್ದೇವೆ ಎಂದಿತು. ಒತ್ತಲು ‘ಎನೇಬಲ್’ ಗುಂಡಿಯೇ ಇಲ್ಲ. ಮುಚ್ಚಿ ತೆರೆದೆ, ಹೆಸರು ಬದಲಿಸಿದೆ, ಎದ್ದುಹೋಗುವವನಂತೆ ನಾಟಕವನ್ನೂ ಮಾಡಿದೆ. ಯಾವ ವ್ಯಾಪಾರಿಯೂ ಇಷ್ಟು ಗಟ್ಟಿ ಕೂತದ್ದನ್ನು ನಾನು ಕಂಡಿಲ್ಲ.

“ಸಾವ್ಕಾರ್ರ, ಹನ್ನೊಂದಾತು,” ಎಂದ ಈರಪ್ಪ. “ನೀವು ಡಬ್ಬಿ ಕೂಡ ಜಗಳಾಡ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಮಗ್ಗ ನಿಂತ್ರ ನನ್ನ ಒಲಿ ನಿಂತಂಗ ನೋಡ್ರಿ.”

ಬೇರೆ ದಾರಿಯಿಲ್ಲದೆ ಪದ್ಮಕ್ಕನಿಗೆ ಫೋನು ಮಾಡಿದೆ.

“ಅಕ್ಕಾರ, ನಿಮ್ಮ ರುದ್ರಾಕ್ಷಿ ಫೈಲ್ ನಡೀವಲ್ದರಿ.”

“ನಾ ನಿಮಗ ಕಳಿಸೇ ಇಲ್ಲಲ್ರಿ ಅದನ್ನ.”

ಗೆಳೆಯ, ಚಹಾ ಎಲ್ಲ ಬಾಯಿಬಿಟ್ಟೆ. ಅವರು ಬೈಯಲಿಲ್ಲ. ಆ ಫೈಲು ತಮಗೆ ಕಳಿಸಿ, ನೀವು ಮಾತ್ರ ಮುಟ್ಟಬೇಡಿ ಎಂದರು. ಸ್ವಲ್ಪ ಹೊತ್ತಿಗೆ ಅವರದೇ ಫೋನು.

“ಇದರಾಗ ನಾ ಬರದಿದ್ದಷ್ಟ ಇಲ್ರಿ. ನಡುವ ಯಾರೋ ಬ್ಯಾರೆದೊಂದು ತುರುಕ್ಯಾರ. ಅದು ನಡದಿದ್ರ ನಿಮ್ಮ ಲ್ಯಾಪ್‌ಟಾಪನ್ಯಾಗಿನ ಫೈಲೆಲ್ಲಾ ಅಳಿಸ್ತಿತ್ತು. ಕೋಲ್ಹಾಪುರದ ಚಹಾ ಭಾಳ ತುಟ್ಟಿ ಆಕ್ಕಿತ್ತು, ಸಾವ್ಕಾರ್ರ.”

ನಮ್ಮ ಕಡೆ ಮನೆಗೆ ಯಾರೇ ಬರಲಿ, ಬೆಲ್ಲ ನೀರು ಕೊಟ್ಟು ‘ಯಾವೂರ್ರಿ, ಯಾರ ಪೈಕಿ?’ ಎಂದು ಕೇಳುತ್ತೇವೆ. ಅದರಲ್ಲಿ ಅವಮಾನವಿಲ್ಲ, ಕೇಳಿದ ಮೇಲೇ ಒಳಗಿನ ಕೋಣೆ. ಇಷ್ಟು ವರ್ಷ ನಾನು ಬೈದುಕೊಂಡ ಪಟ್ಟಿಯೂ ಇದನ್ನೇ ಕೇಳುತ್ತಿತ್ತು. ಜೀವನದಲ್ಲಿ ನನಗೆ ‘ಆಗುವುದಿಲ್ಲ’ ಎಂದು ಹೇಳಿ ಒಳ್ಳೆಯದು ಮಾಡಿದವರು ಕಡಿಮೆ. ಅವರ ಸಾಲಿನಲ್ಲಿ ಅದನ್ನೂ ಕೂರಿಸಿದ್ದೇನೆ.

ಪದ್ಮಕ್ಕ ತಮ್ಮ ಫೈಲು ಕಳಿಸಿದರು. ಅದಕ್ಕೂ ಕೆಂಪು ಪಟ್ಟಿ ಬಂತು. ಅಂತರ್ಜಾಲದಿಂದ ಬಂದ ಮ್ಯಾಕ್ರೊ ಫೈಲಿಗೆಲ್ಲ ಈಗ ಹಳದಿ ಬದಲು ಇದೇ ಬರುತ್ತದಂತೆ. ಫೈಲು ಮುಚ್ಚಿ, ಮೌಸಿನ ಬಲಗುಂಡಿ ಒತ್ತಿ, ‘ಪ್ರಾಪರ್ಟೀಸ್’ನಲ್ಲಿ ‘ಅನ್‌ಬ್ಲಾಕ್’ಗೆ ಗುರುತು ಹಾಕುವುದನ್ನು ಫೋನಿನಲ್ಲೇ ಹೇಳಿ ಮಾಡಿಸಿದರು. ನಿಮಗೂ ಹೇಳುತ್ತೇನೆ, ಬಿಟ್ಟಿ ಸಲಹೆ: ಕಳಿಸಿದವರ ದನಿ ಕೇಳಿ, ಅವರೇ ಕಳಿಸಿದ್ದೆಂದು ಖಾತ್ರಿಯಾದ ಮೇಲೇ ಈ ಗುರುತು ಹಾಕಿ. ದಿನಾ ಕಿರಿಕಿರಿ ಬೇಡವೆಂದು ಕಾವಲನ್ನೇ ತೆಗೆದುಹಾಕುವ ಉಪಾಯ ಹೇಳುವವರೂ ಸಿಗುತ್ತಾರೆ. ಅವರಿಗೆ ಚಹಾ ಕುಡಿಸಿ ಕಳಿಸಿಬಿಡಿ.

ಗೂಟ ಕೂರಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಎರಡೂ ಮಗ್ಗ ಶುರುವಾದವು. ಗೇಣುದ್ದ ಅಂಚು ಮೂಡಿದಾಗ ಫೋಟೊ ತೆಗೆದು ಪದ್ಮಕ್ಕನಿಗೆ ಕಳಿಸಿ, ಫೋನು ಹಚ್ಚಿ ಕೇಳಿದೆ: “ಅಕ್ಕಾರ, ಎಷ್ಟ್ ಕೊಡೂಣ್ರಿ?” ಅವರು ಏನೋ ಹೇಳಿದರು. ಮಗ್ಗಗಳ ಖಟಖಟದಲ್ಲಿ ಒಂದಂಕಿಯೂ ಕೇಳಿಸಲಿಲ್ಲ.

ನಾನು ಕಿವಿಗೆ ಕೈ ಅಡ್ಡ ಹಿಡಿದದ್ದನ್ನು ನೋಡಿ ಈರಪ್ಪ, ಮಗ್ಗ ನಿಲ್ಲಿಸಲೇ ಎಂದು ಸನ್ನೆ ಮಾಡಿದ. ನಡೆಯಲಿ ಎಂದು ಕೈ ಬೀಸಿ, ಫೋನಿನಲ್ಲಿ “ಆತ್ರಿ ಅಕ್ಕಾರ” ಎಂದೆ.